‘ಸ್ಕ್ವಿಂಟ್’: ಕಣ್ಣು ಸಣ್ಣ ಮಾಡುವುದೋ, ಮೆಳ್ಳೆಗಣ್ಣೋ?

ಕಲಬುರಗಿಯ ನಮ್ಮ ಓಣಿಯ ತಂದೆಯೊಬ್ಬರು ಮಗಳ ಶಾಲೆಯ ಡೈರಿಯನ್ನು ಹಿಡಿದುಕೊಂಡು ಒಂದು ಸಂಜೆ ನನ್ನ ಬಳಿ ಬಂದರು. ಅದರಲ್ಲಿ ಶಿಕ್ಷಕಿ ‘ಷಿ ಸ್ಕ್ವಿಂಟ್ಸ್ ಅಟ್ ದ ಬೋರ್ಡ್’ ಎಂದು ಬರೆದಿದ್ದರು. ನಿಘಂಟು ತೆರೆದಾಗ ‘ಮೆಳ್ಳೆಗಣ್ಣು’ ಎಂಬ ಅರ್ಥವೇ ಮೊದಲು ಕಣ್ಣಿಗೆ ಬಿದ್ದದ್ದರಿಂದ ಮನೆಮಂದಿಯೆಲ್ಲ ಗಾಬರಿಯಾಗಿದ್ದರು. ಹುಡುಗಿಯ ಕಣ್ಣುಗಳು ನೆಟ್ಟಗೇ ಇದ್ದವು. ಹಲಗೆಯ ಮೇಲಿನ ಅಕ್ಷರ ಮಸುಕಾಗಿ ಕಾಣುತ್ತಿದ್ದುದರಿಂದ ಅವಳು ಕಣ್ಣು ಸಣ್ಣ ಮಾಡಿ ನೋಡುತ್ತಿದ್ದಳು, ಅಷ್ಟೆ.

ಈ ಪದವನ್ನು ಓದುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಅದು ಕಣ್ಣು ಮಾಡುವ ಕೆಲಸವೋ, ಕಣ್ಣಿಗೆ ಇರುವ ಸ್ಥಿತಿಯೋ? ಕ್ರಿಯಾಪದವಾಗಿ ಬಂದು ಅದರ ನಂತರ ‘ಅಟ್’, ‘ಇಂಟು’ ಅಥವಾ ‘ಥ್ರೂ’ ಇದ್ದರೆ ಸಾಮಾನ್ಯವಾಗಿ ರೆಪ್ಪೆಗಳನ್ನು ಅರ್ಧ ಮುಚ್ಚಿ ನೋಡುವುದೆಂದೇ ಅರ್ಥ. ‘ದ ಚೈಲ್ಡ್ ಹ್ಯಾಸ್ ಎ ಸ್ಕ್ವಿಂಟ್’ ಎಂದಿದ್ದರೆ ಎರಡು ಕಣ್ಣುಗಳು ಒಂದೇ ದಿಕ್ಕಿಗೆ ನೋಡುತ್ತಿಲ್ಲವೆಂದು, ಅಂದರೆ ಮೆಳ್ಳೆಗಣ್ಣೆಂದು ತಿಳಿಯಬೇಕು. ವೈದ್ಯರು ಇದನ್ನೇ ‘ಸ್ಟ್ರಾಬಿಸ್ಮಸ್’ ಎನ್ನುತ್ತಾರೆ. ಬ್ರಿಟನ್ನಿನಂತೆ ನಮ್ಮಲ್ಲಿಯೂ ಆಸ್ಪತ್ರೆಯ ಚೀಟಿಯ ಮೇಲೆ ಬರುವ ‘ಸ್ಕ್ವಿಂಟ್’ ಬಹುಮಟ್ಟಿಗೆ ಈ ಅರ್ಥದ್ದು. ಅಮೆರಿಕದವರ ಬರಹದಲ್ಲಿ ಮಾತ್ರ ಕಣ್ಣು ಕಿರಿದು ಮಾಡುವ ಅರ್ಥವೇ ಹೆಚ್ಚು. ಆಡುಮಾತಿನಲ್ಲಿ ಇನ್ನೊಂದು ತೊಡಕಿದೆ. ‘ಹ್ಯಾವ್ ಎ ಸ್ಕ್ವಿಂಟ್ ಅಟ್ ದಿಸ್’ ಎಂದರೆ ‘ಇದರ ಮೇಲೊಮ್ಮೆ ಕಣ್ಣು ಹಾಯಿಸು’ ಎಂದು. ಕೊನೆಯ ‘ಅಟ್ ದಿಸ್’ ಬಿಟ್ಟುಹೋದರೆ ಸ್ನೇಹಿತನಿಗೆ ಕಣ್ಣಿನ ದೋಷವನ್ನು ಅಂಟಿಸಿದಂತಾಗುತ್ತದೆ!

ಒಂದೇ ಪದಕ್ಕೆ ಇಷ್ಟು ಅರ್ಥ ಬಂದದ್ದು ಹೇಗೆಂದರೆ, ಇದು ‘ಅಸ್ಕ್ವಿಂಟ್’ ಎಂಬ ಹಳೆಯ ಪದದ ಮೊಟಕು ರೂಪ. ಅದರ ಅರ್ಥ ಓರೆಯಾಗಿ ಎಂದು. ಇಂಗ್ಲೆಂಡಿನ ಹಳೆಯ ಚರ್ಚುಗಳಲ್ಲಿ ಪಕ್ಕದಲ್ಲಿ ನಿಂತವರಿಗೂ ಪೂಜಾವೇದಿಕೆ ಕಾಣಲೆಂದು ಗೋಡೆಯಲ್ಲಿ ಓರೆಯಾಗಿ ಕೊರೆದ ಕಿಂಡಿಗೂ ಇದೇ ಹೆಸರು.

ಇನ್ನು ಬಳಸುವ ಕ್ರಮ. ಕನ್ನಡದಲ್ಲಿ ನಾವು ‘ಹಲಗೆಯನ್ನು ಕಣ್ಣು ಸಣ್ಣ ಮಾಡಿ ನೋಡಿದ’ ಎನ್ನುವ ರೂಢಿಯಿಂದ ‘ಹಿ ಸ್ಕ್ವಿಂಟೆಡ್ ದ ಬೋರ್ಡ್’ ಎಂದು ಬರೆದುಬಿಡುತ್ತೇವೆ. ಅದು ತಪ್ಪು, ನಡುವೆ ‘ಅಟ್’ ಬೇಕೇ ಬೇಕು. ‘ಸ್ಕ್ವಿಂಟೆಡ್ ಹಿಸ್ ಐಸ್’ ಎಂಬ ರೂಪವೂ ಬಳಕೆಯಲ್ಲಿದೆಯಾದರೂ, ಕಣ್ಣು ಆ ಪದದೊಳಗೇ ಇರುವುದರಿಂದ ಮತ್ತೊಮ್ಮೆ ಹೇಳುವುದು ನನಗೆ ರುಚಿಸುವುದಿಲ್ಲ. ಬೀದರಿನ ಬಿದರಿ ಕುಶಲಕರ್ಮಿ ಲೋಹದಲ್ಲಿ ಕೊರೆದ ಗೆರೆಯೊಳಗೆ ಕೂದಲೆಳೆಯಂತಹ ಬೆಳ್ಳಿ ತಂತಿಯನ್ನು ಕೂರಿಸುತ್ತಿರುವುದನ್ನು ಹೇಳಬೇಕಾದರೆ ‘ಹಿ ಸ್ಕ್ವಿಂಟೆಡ್ ಅಟ್ ದ ವೈರ್’ ಎನ್ನಬಹುದು. 1367ರಲ್ಲಿ ಕಟ್ಟಿದ, ತೆರೆದ ಅಂಗಳವಿಲ್ಲದೆ ಪೂರ್ತಿ ಮೇಲ್ಛಾವಣಿ ಹೊದ್ದ ಕಲಬುರಗಿ ಕೋಟೆಯ ಜಾಮಾ ಮಸೀದಿಯ ನೆರಳಿನಿಂದ ಮೇ ತಿಂಗಳ ಮಧ್ಯಾಹ್ನ ಹೊರಗೆ ಕಾಲಿಟ್ಟವರಿಗೆ ‘ವಿ ಸ್ಕ್ವಿಂಟೆಡ್ ಇನ್ ದ ಸನ್’ ಎಂಬ ವಾಕ್ಯವನ್ನು ವಿವರಿಸಬೇಕಾದದ್ದೇ ಇಲ್ಲ.

ಈ ಎರಡು ಉದಾಹರಣೆಗಳಲ್ಲಿ ಕಾರಣಗಳು ಬೇರೆ. ಬಿಸಿಲಿನಲ್ಲಿ ಕಣ್ಣಿಗೆ ಬೀಳುವ ಬೆಳಕನ್ನು ತಗ್ಗಿಸಲು ರೆಪ್ಪೆಗಳು ಕೂಡುತ್ತವೆ. ಮಸುಕಾದುದನ್ನು ನೋಡುವಾಗ, ರೆಪ್ಪೆಗಳ ನಡುವಿನ ಸಂದಿ ಕಿರಿದಾಗಿ ಅಂಚಿನ ಕಿರಣಗಳು ತಡೆಯಲ್ಪಡುವುದರಿಂದ ಚಿತ್ರ ಸ್ವಲ್ಪ ಸ್ಪಷ್ಟವಾಗುತ್ತದೆ. ಕನ್ನಡಕ ಬೇಕಾದವರು ರಟ್ಟಿಗೆ ಸೂಜಿಯಿಂದ ತೂತು ಮಾಡಿ ಅದರ ಮೂಲಕ ಗೋಡೆಯ ಕ್ಯಾಲೆಂಡರ್ ನೋಡಿದರೆ ಇದು ತಾನಾಗಿ ತಿಳಿಯುತ್ತದೆ. ಎರಡರಲ್ಲೂ ಕಾರಣ ನೋಟದ್ದೇ ಹೊರತು ಮನಸ್ಸಿನ ಭಾವದ್ದಲ್ಲ. ಆದ್ದರಿಂದ ಸಂಶಯದಿಂದಲೋ ಸಿಟ್ಟಿನಿಂದಲೋ ಕಣ್ಣು ಕಿರಿದಾದಾಗ ‘ನ್ಯಾರೋಡ್ ಹಿಸ್ ಐಸ್’ ಎನ್ನುವುದು ಮೇಲು. ದುರುಗುಟ್ಟಿ ನೋಡುವುದು ‘ಗ್ಲೇರ್’, ಹುಬ್ಬು ಗಂಟಿಕ್ಕುವುದು ‘ಫ್ರೌನ್’. ನಮ್ಮ ಕುಡಿನೋಟಕ್ಕಂತೂ ‘ಸ್ಕ್ವಿಂಟ್’ ಹಾಕಿದರೆ ಶೃಂಗಾರವೆಲ್ಲ ಕೆಟ್ಟುಹೋಗುತ್ತದೆ.

ವ್ಯಕ್ತಿಯ ಬಗ್ಗೆ ಬರೆಯುವಾಗ ‘ಸ್ಕ್ವಿಂಟ್-ಐಡ್’ ಎಂಬ ವಿಶೇಷಣವನ್ನು ಬಿಡಬೇಕು. ‘ಮೆಳ್ಳಗಣ್ಣ’ ಎಂದು ಹೆಸರಿಟ್ಟು ಕರೆದಷ್ಟೇ ಅದು ಒರಟು. ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ಸುಮ್ಮನಿರುವವರೂ ಇದ್ದಾರೆ. ಹುಟ್ಟಿದ ಮೊದಲ ಕೆಲವು ತಿಂಗಳು ಕೂಸಿನ ಕಣ್ಣು ಆಗಾಗ ಓರೆಯಾಗುವುದು ಸಹಜವಾದರೂ, ನಾಲ್ಕು ತಿಂಗಳ ಮೇಲೂ ಹಾಗೇ ಇದ್ದರೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ತಡವಾದಷ್ಟೂ ಓರೆಯಾದ ಕಣ್ಣಿನ ದೃಷ್ಟಿ ಮಂದವಾಗಿಯೇ ಉಳಿಯುವ ಭಯವಿರುತ್ತದೆ. ವೈದ್ಯರ ಮುಂದೆ ಇಂಗ್ಲಿಷಿನಲ್ಲಿ ಹೇಳುವುದಾದರೆ ‘ಸ್ಕ್ವಿಂಟ್’ ಎಂಬ ಒಂದೇ ಪದಕ್ಕೆ ನಿಲ್ಲದೆ, ‘ಒನ್ ಐ ಟರ್ನ್ಸ್ ಇನ್’ ಎಂದೋ ‘ಷಿ ಸ್ಕ್ರೂಸ್ ಅಪ್ ಹರ್ ಐಸ್ ಟು ರೀಡ್’ ಎಂದೋ ಕಂಡದ್ದನ್ನು ಬಿಡಿಸಿ ಹೇಳಬೇಕು. ಡೈರಿಯಲ್ಲಿ ಎರಡನೆಯ ವಾಕ್ಯವಿದ್ದಿದ್ದರೆ ನಮ್ಮ ಓಣಿಯ ಆ ಮನೆಯಲ್ಲಿ ಅಂದು ರಾತ್ರಿ ಎಲ್ಲರೂ ಹೊತ್ತಿಗೆ ಸರಿಯಾಗಿ ಉಂಡು ಮಲಗುತ್ತಿದ್ದರು.