ನಡು ಬಿಗಿ, ತುದಿ ಸಡಿಲ: ಹಳೇ ಜೀಪಿಗೆ ಆಕ್ಸಲ್, ಪ್ಲೇಟು ಮತ್ತೆ ಕೂರಿಸಿದ್ದು

ನಮ್ಮ ಹಳೇ ಮಹೀಂದ್ರಾ ಸಿಜೆ-3ಬಿ ಜೀಪಿನ ಮುಂದಿನ ಎಡಗಡೆ ಮೇನ್ ಪ್ಲೇಟು, ಅಂದರೆ ಗಾಡಿಯ ಭಾರ ಹೊರುವ ಕಮಾನಿನಾಕಾರದ ಸ್ಪ್ರಿಂಗ್ ಪಟ್ಟಿಗಳಲ್ಲಿ ಮುಖ್ಯವಾದದ್ದು, ಪದೇ ಪದೇ ಕಟ್ಟಾಗುತ್ತಿತ್ತು. ಪ್ರತಿ ಸಲವೂ ಒಂದೇ ಜಾಗ, ಶಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಸೇರಿಸುವ ತೂಗುವ ಕೊಂಡಿ) ಕಡೆಯ ಸುರುಳಿಯ ಬುಡ. ಸುರುಳಿ ಅಂದರೆ ಪ್ಲೇಟಿನ ತುದಿಯನ್ನು ಸುತ್ತಿ ಮಾಡಿದ ಕಣ್ಣು. ನೋಡಿದವರೆಲ್ಲ ಪ್ಲೇಟಿನ ಮಾಲು ಸರಿಯಿಲ್ಲ ಅಂದರು. ಮುಂದಿನ ಆಕ್ಸಲ್ ಪೂರ್ತಿ ಇಳಿಸಿದಾಗ ವಿಷಯ ಗೊತ್ತಾಯಿತು. ಪ್ಲೇಟಿನ ಮಾಲು ಚೆನ್ನಾಗೇ ಇತ್ತು, ಶಾಕಲ್ ಮಾತ್ರ ಅಲ್ಲಾಡುತ್ತಲೇ ಇರಲಿಲ್ಲ. ಹಿಂದೆ ಕೆಲಸ ಮಾಡಿದ ಯಾರೋ ಅದರ ಬುಷ್‌ಗಳನ್ನು (ಶಾಕಲ್ ತಿರುಗುವ ಕಡೆ ಕೂರುವ ಕೊಳವೆಯಂಥ ಬಿಲ್ಲೆಗಳು) ಕೊನೆವರೆಗೂ ತಿರುಗಿಸಿ ಬಿಗಿದುಬಿಟ್ಟಿದ್ದರು.

ಚಕ್ರ ಉಬ್ಬು ಹತ್ತಿದಾಗ ಪ್ಲೇಟಿನ ಕಮಾನು ಚಪ್ಪಟೆಯಾಗುತ್ತದೆ. ಚಪ್ಪಟೆಯಾದರೆ ಎರಡು ಸುರುಳಿಗಳ ನಡುವಿನ ಅಂತರ ಜಾಸ್ತಿಯಾಗುತ್ತದೆ. ಆಗ ಶಾಕಲ್ ತೂಗಿ ಜಾಗ ಕೊಡಬೇಕು. ಅದು ತೂಗದಿದ್ದರೆ ಆ ಒತ್ತಡವೆಲ್ಲ ಸುರುಳಿಯ ಬುಡಕ್ಕೆ ಬಂದು, ಅಲ್ಲೇ ಬಾಗಿ ಬಾಗಿ ಒಂದು ದಿನ ಕಟ್ಟಾಗುತ್ತದೆ. ಇದು ಅರ್ಥವಾದ ಮೇಲೆ ಮರುಜೋಡಣೆ ಪೂರ್ತಿ ನಾನೇ ನಿಂತು ಮಾಡಬೇಕು ಅಂತ ತೀರ್ಮಾನಿಸಿದೆ. ಜೊತೆಗೆ ಅಕ್ಕನ ಮಗ ಇದ್ದ.

ಪ್ಲೇಟುಗಳನ್ನು ತುಮಕೂರಿನ ಶಿರಾ ಗೇಟ್ ಕಡೆ ಲಾರಿ ಪ್ಲೇಟ್ ಕೆಲಸ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಕಮಾನು ಸ್ವಲ್ಪ ಜಾಸ್ತಿ ಏರಿಸಿ ಕೊಡಿ ಅಂದೆ. ಅವರು ಒಪ್ಪಲಿಲ್ಲ. "ಸಾರ್, ಎತ್ತರ ಮಾಡಿದ್ರೆ ಗಾಡಿ ಕುಣಿಯುತ್ತೆ ಅಷ್ಟೇ. ಎರಡೂ ಕಡೆ ಸಮ ಇರ್ಲಿ, ಅದು ಮುಖ್ಯ" ಅಂದರು. ಅವರ ಮಾತು ಸರಿಯಾಗಿತ್ತು. ಸುರುಳಿಯಿಂದ ಸುರುಳಿಗೆ ದಾರ ಎಳೆದು, ನಡುವಿನ ಎತ್ತರ ಅಳೆದು, ಎಡ ಬಲ ಎರಡನ್ನೂ ಒಂದೇ ಅಳತೆಗೆ ತಂದರು. ಕಟ್ಟಾಗಿದ್ದ ಮೇನ್ ಪ್ಲೇಟಿನ ಬದಲು ಹೊಸದು ಹಾಕಿಸಿದೆ. ಉಳಿದವನ್ನು ಉಜ್ಜಿ ತುಕ್ಕು ತೆಗೆದು, ನಡುವೆ ಗ್ರ್ಯಾಫೈಟ್ ಗ್ರೀಸ್ ಹಚ್ಚಿ, ಪ್ಲೇಟುಗಳನ್ನೆಲ್ಲ ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ಹೊಸದು ಹಾಕಿಸಿದೆ. ಹಳೇ ಸೆಂಟರ್ ಬೋಲ್ಟ್ ಮತ್ತೆ ಹಾಕಲೇಬೇಡಿ. ಉಳಿಸುವ ದುಡ್ಡು ಏನೂ ಅಲ್ಲ, ಅದು ತುಂಡಾದರೆ ಆಕ್ಸಲ್ ಜಾಗ ಬಿಟ್ಟು ಸರಿಯುತ್ತದೆ.

ಆಕ್ಸಲ್ ಹೊರಗೆ ಇದ್ದಾಗಲೇ ಅದರ ಕೆಲಸ ಮುಗಿಸಿಕೊಳ್ಳಿ, ಗಾಡಿ ಕೆಳಗೆ ಮಲಗಿ ಮಾಡುವುದಕ್ಕಿಂತ ಎಷ್ಟೋ ಸುಲಭ. ನಕಲ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರದ ಜೊತೆ ತಿರುಗುವ ಕೀಲು) ಒಳಗೆ ತೊಳೆದು ಸೀಲು ಬದಲಿಸಿದೆವು. ಚಕ್ರದ ನಡುವಿನ ಹಬ್ ಬೇರಿಂಗ್‌ಗೆ ಗ್ರೀಸ್ ತುಂಬಿ, ಒಳಗಿನ ನಟ್ಟನ್ನು ಚಕ್ರ ಹಿಡಿಯುವವರೆಗೆ ಬಿಗಿದು, ಆಮೇಲೆ ಒಂದು ಸುತ್ತಿನ ಆರನೇ ಒಂದು ಭಾಗದಷ್ಟು ಸಡಿಲ ಬಿಟ್ಟು, ಲಾಕ್ ವಾಷರ್ ಮಡಚಿದೆವು. ಆಕ್ಸಲ್ ಹೌಸಿಂಗ್ (ಹೊರ ಕವಚ) ಮೇಲಿನ ಬ್ರೀದರ್, ಅಂದರೆ ಗಾಳಿ ಆಡುವ ಸಣ್ಣ ತೂತು, ಮಣ್ಣು ತುಂಬಿ ಮುಚ್ಚಿಹೋಗಿತ್ತು. ಅದು ಮುಚ್ಚಿದರೆ ಬಿಸಿಯಾದ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ, ಆಯಿಲನ್ನು ಸೀಲಿನಿಂದಲೇ ಆಚೆ ತಳ್ಳುತ್ತದೆ. ಎಷ್ಟೋ ಜನ ಸೀಲು ಮೇಲೆ ಸೀಲು ಬದಲಿಸುತ್ತಾರೆ, ಬ್ರೀದರ್ ಕಡೆ ನೋಡುವುದೇ ಇಲ್ಲ.

ಈಗ ಜೋಡಣೆ. ಚಾಸಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಈ ಜೀಪಿನ ಮುಂದಿನ ಪ್ಲೇಟಿಗೆ ಹಿಂಭಾಗದಲ್ಲಿ ಪಿವಟ್ ಬೋಲ್ಟ್ (ಪ್ಲೇಟಿನ ತುದಿಯನ್ನು ಚಾಸಿಗೆ ಹಿಡಿಯುವ ಕೀಲಿನ ಬೋಲ್ಟ್), ಮುಂಭಾಗದಲ್ಲಿ ಶಾಕಲ್. ಮೊದಲು ಪಿವಟ್ ಬೋಲ್ಟ್ ತೂರಿಸಿ ನಟ್ಟು ಕೈಯಲ್ಲಿ ಸುತ್ತಿ ಬಿಟ್ಟೆವು, ಬಿಗಿಯಲಿಲ್ಲ. ಪ್ಲೇಟು ನೇತಾಡುತ್ತಿರಲಿ. ಇದರಲ್ಲಿ ಆಕ್ಸಲ್ ಪ್ಲೇಟಿನ ಮೇಲೆ ಕೂರುತ್ತದೆ. ಹಾಗಾಗಿ ಆಕ್ಸಲನ್ನು ಒಳಗೆ ತಳ್ಳಿ, ಜಾಕಿನಿಂದ ಪ್ಲೇಟನ್ನು ಮೇಲೆತ್ತಿದೆವು. ಡಿಫ್ರೆನ್ಸಿಯಲ್ ಗುಂಡು (ಗೇರುಗಳಿರುವ ಆಕ್ಸಲ್‌ನ ಉಬ್ಬಿದ ಭಾಗ) ಒಂದು ಪಕ್ಕಕ್ಕಿರುವುದರಿಂದ ಆಕ್ಸಲ್ ವಾಲುತ್ತದೆ, ಒಬ್ಬರು ಹಿಡಿದೇ ಇರಬೇಕು. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ (ಪ್ಲೇಟು ಒರಗುವ ಚಪ್ಪಟೆ ಜಾಗ) ತೂತಿಗೆ ಹೋಗಿ ಕೂರಬೇಕು. ಟಾರ್ಚ್ ಹಿಡಿದಿದ್ದ ಹುಡುಗ "ಮಾವ, ಕೂತ್ಕೊಂತು" ಅಂದ ಮೇಲೇ, ಪ್ಲೇಟನ್ನು ಆಕ್ಸಲ್‌ಗೆ ಕಟ್ಟುವ ಯು ಬೋಲ್ಟ್ ಹಾಕಿದ್ದು. ತಲೆ ತೂತಿಗೆ ಹೋಗದೆ ಅಂಚಿನ ಮೇಲೆ ನಿಂತಿದ್ದರೆ, ಯು ಬೋಲ್ಟ್ ಎಷ್ಟು ಬಿಗಿದರೂ ಸುಮ್ನೆ.

ಶಾಕಲ್‌ಗೆ ಮಾತ್ರ ಅವಸರ ಬೇಡವೇ ಬೇಡ. ನಮ್ಮ ಜೀಪಿನದು ಯು ಆಕಾರದ ಶಾಕಲ್, ಥ್ರೆಡ್ ಇರುವ ಬುಷ್. ಬುಷ್‌ಗಳಲ್ಲಿ ಕೆಲವು ಉಲ್ಟಾ ಥ್ರೆಡ್‌ನವು, ಅವುಗಳ ತಲೆಯ ಸುತ್ತ ಒಂದು ಗೀರು ಇರುತ್ತದೆ. ಅದನ್ನು ನೋಡದೆ ಬಲವಂತ ಮಾಡಿದರೆ ಥ್ರೆಡ್ ಹಾಳು. ಮೇಲಿನ (ಚಾಸಿ ಕಡೆಯ) ಬುಷ್ ಅರ್ಧದವರೆಗೆ ತಿರುಗಿಸಿ, ಆಮೇಲೆ ಕೆಳಗಿನದನ್ನು (ಪ್ಲೇಟಿನ ಕಡೆಯದನ್ನು) ಅರ್ಧದವರೆಗೆ ತಿರುಗಿಸಬೇಕು. ಉಳಿದದ್ದು ಒಂದಾದ ಮೇಲೆ ಒಂದು, ಸ್ವಲ್ಪ ಸ್ವಲ್ಪವೇ. ಚಾಸಿ ಕಡೆಯ ಬುಷ್‌ನ ತಲೆ ಬ್ರಾಕೆಟ್‌ಗೆ ಒರಗಬೇಕು. ಪ್ಲೇಟಿನ ಕಡೆಯದು ಪೂರ್ತಿ ಒರಗಬಾರದು, 1/32 ಇಂಚು ಅಂದರೆ ಸುಮಾರು 0.8 ಮಿಲಿಮೀಟರ್ ಸಂದು ಉಳಿಯಬೇಕು. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ನೋಡಿ. ಗ್ರೀಸ್ ಹೊಡೆದು ಕೈಯಿಂದ ತೂಗಿ ನೋಡಿ. ನಾವು ಎಡಗಡೆಯದನ್ನು ತೂಗಿದಾಗ ಸ್ವಲ್ಪ ಹಿಡಿಯುತ್ತಿತ್ತು, ಪೂರ್ತಿ ಬಿಚ್ಚಿ ಮತ್ತೆ ಮೊದಲಿಂದ ಥ್ರೆಡ್ ಹಿಡಿಸಿದೆವು. ಆಮೇಲೆ ಯಾವ ತಡೆಯೂ ಇಲ್ಲದೆ ಉಯ್ಯಾಲೆಯ ಹಾಗೆ ತೂಗಿತು. ಅಷ್ಟು ಸಲೀಸು ಬರುವವರೆಗೂ ಬಿಡಬೇಡಿ.

ಯು ಬೋಲ್ಟ್ ಇದಕ್ಕೆ ತದ್ವಿರುದ್ಧ, ಅದು ಬಿಗಿಯಾಗಿಯೇ ಇರಬೇಕು. ನಾಲ್ಕೂ ನಟ್ಟುಗಳನ್ನು ಕರ್ಣದ ಲೆಕ್ಕದಲ್ಲಿ, ಟಾರ್ಕ್ ರೆಂಚಿನಿಂದ (ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರ್), ಮ್ಯಾನುಯಲ್ ಹೇಳುವಷ್ಟೇ ಬಿಗಿಯಿರಿ. ಪೈಪು ಸಿಕ್ಕಿಸಿ ಜಗ್ಗುವುದು ಬೇಡ. ಚಕ್ರ ಹಾಕಿ ಗಾಡಿಯನ್ನು ನೆಲಕ್ಕಿಳಿಸಿ, ಬಾನೆಟ್ ಹಿಡಿದು ಒಂದಷ್ಟು ಕುಲುಕಿದ ಮೇಲೇ ಪಿವಟ್ ಬೋಲ್ಟ್ ಕೊನೆಯ ಬಿಗಿ. ನೇತಾಡುವಾಗಲೇ ಬಿಗಿದರೆ ಒಳಗಿನ ರಬ್ಬರ್ ಬುಷ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕೊನೆಗೆ ಮುಂದಿನ, ಹಿಂದಿನ ಆಕ್ಸಲ್ ನಡುವೆ ಎರಡೂ ಪಕ್ಕ ಟೇಪು ಹಿಡಿದೆವು. 3ಬಿಯ ವೀಲ್‌ಬೇಸ್, ಅಂದರೆ ಈ ಅಂತರ, 80 ಇಂಚು. ಎಡ ಬಲ ಒಂದೇ ಬಂತು.

ದೇವರಾಯನದುರ್ಗದ ತಿರುವುಗಳಲ್ಲಿ ಓಡಿಸಿದಾಗ ಸ್ಟೀರಿಂಗ್ ತಾನಾಗೇ ನೇರಕ್ಕೆ ಬರುತ್ತಿತ್ತು, ಬ್ರೇಕ್ ಹಾಕಿದರೆ ಒಂದು ಕಡೆ ಎಳೆಯಲಿಲ್ಲ. ಮನೆಗೆ ಬಂದು ಯು ಬೋಲ್ಟ್‌ಗಳಿಗೆ ಮತ್ತೆ ರೆಂಚ್ ಹಾಕಿದೆ, ಎಲ್ಲವೂ ಸ್ವಲ್ಪ ಸ್ವಲ್ಪ ತಿರುಗಿದವು. ಹೊಸದಾಗಿ ಜೋಡಿಸಿದ ಪ್ಲೇಟು ಓಡುತ್ತಾ ಕೂರುತ್ತದೆ, ಅದಕ್ಕೇ ಹೀಗೆ ಮತ್ತೊಮ್ಮೆ ಬಿಗಿಯುವುದನ್ನು ಬಿಡುವ ಹಾಗಿಲ್ಲ. ಹಿಂದಿನ ಶಾಕಲ್‌ಗಳಿಗೂ ಇದೇ ಕೆಲಸ ಬಾಕಿ ಇದೆ, ಬುಷ್ ತಂದಿಟ್ಟಿದ್ದೇನೆ.