ಕೋಳಿ ತೋರಿಸದೆ ಬೆಳೆಸಿದ ಕಾಡುಬೆಕ್ಕಿನ ಮರಿಗಳು

ಕೈಯಲ್ಲಿ ಸಾಕಿದ ಕಾಡುಬೆಕ್ಕಿನ ಮರಿ ಬಿಟ್ಟರೆ ನೇರ ಊರಿನ ಕೋಳಿಗೂಡಿಗೇ ಹೋಗುತ್ತೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಿದ್ದರು. ಮರಿ ಸಾಕಿ ಅನುಭವ ಇರುವ ಗೆಳೆಯರೂ ಅದನ್ನೇ ಹೇಳಿದರು. ಮಾತು ಸುಳ್ಳಲ್ಲ. ತಿಂಗಳುಗಟ್ಟಲೆ ಫಾರಂ ಕೋಳಿ ತಿನ್ನಿಸಿದ ಮರಿ ಇನ್ನೇನು ಹುಡುಕಿಕೊಂಡು ಹೋಗುತ್ತೆ? ನಾನು ಕೋಳಿಯ ವಾಸನೆಯನ್ನೇ ತೋರಿಸಲಿಲ್ಲ. ಬಿಟ್ಟ ಎರಡೂ ಮರಿ ಊರ ಕಡೆ ತಲೆ ಹಾಕಲಿಲ್ಲ.

ನಮ್ಮದು ಮಂಡ್ಯ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲು. ಕಬ್ಬು ಕಟಾವು ಶುರುವಾದರೆ ‘ಚಿರತೆ ಮರಿ ಸಿಕ್ಕಿದೆ, ಬೇಗ ಬನ್ನಿ’ ಅಂತ ಫೋನು. ಬಹುಪಾಲು ಅದು ಕಾಡುಬೆಕ್ಕೇ. ದೊಡ್ಡದರ ಮೈ ಬರೀ ಕಂದು, ಮರಿಗೆ ಮಾತ್ರ ಪಟ್ಟೆ ಇರುತ್ತಲ್ಲ, ಜನಕ್ಕೆ ಗಾಬರಿ.

ಮರಿ ಎತ್ತಿಕೊಂಡು ಬರುವುದು ಕೊನೆಯ ಕೆಲಸ. ಸಂಜೆ ಅದೇ ಗದ್ದೆಯಲ್ಲಿ ಕ್ರೇಟಿನೊಳಗೆ ಇಟ್ಟು, ತರಗಿಗೆ ಬೆಂಕಿ ಹಾಕಬೇಡಿ ಅಂತ ಗದ್ದೆಯವರ ಕೈಕಾಲು ಹಿಡಿದು, ದೂರ ಹೋಗಬೇಕು. ಎಷ್ಟೋ ಸಲ ತಾಯಿ ರಾತ್ರಿಯೇ ಕಚ್ಚಿಕೊಂಡು ಹೋಗಿದೆ. ಮನುಷ್ಯ ಮುಟ್ಟಿದರೆ ಸೇರಿಸಲ್ಲ ಅನ್ನೋದೆಲ್ಲ ಸುಮ್ನೆ. ಈ ಎರಡರ ತಾಯಿ ಮಾತ್ರ ಎರಡು ಮೂರು ರಾತ್ರಿ ಕಾದರೂ ಬರಲಿಲ್ಲ. ಹತ್ತಿರದ ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತಿದ್ದ ಹೆಣ್ಣು ಅದೇ ಇರಬೇಕು. ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದು ತಂದೆ. ಅದಿಲ್ಲದೆ ಯಾರೂ ಕೈ ಹಾಕಬೇಡಿ, ಕೇಸಾಗುತ್ತೆ.

ಹಿಂದಿನ ವರ್ಷಗಳಲ್ಲಿ ಕಳೆದುಕೊಂಡಿದ್ದೇ ಜಾಸ್ತಿ. ಪಾಪ ಅಂತ ಯಾರೋ ಹಸುವಿನ ಹಾಲು ಕುಡಿಸಿ, ಭೇದಿ ಹತ್ತಿದ ಮೇಲೆ ತಂದುಕೊಡುತ್ತಿದ್ದರು. ಒಮ್ಮೆ ಮರಿ ಹಾಕಿದ್ದ ಮನೆ ಬೆಕ್ಕಿನ ಜೊತೆ ಬಿಟ್ಟು ನೋಡಿದೆ. ನೆಕ್ಕಿತು, ಹಾಲು ಕೊಟ್ಟಿತು, ನೋಡಿದವರೆಲ್ಲ ಶಹಬ್ಬಾಸ್ ಅಂದರು. ಆಮೇಲೆ ವಾಂತಿ ಭೇದಿ. ಪ್ಯಾನ್‌ಲ್ಯುಕೋಪೀನಿಯಾ ಅಂದರು ಡಾಕ್ಟರು, ಬೆಕ್ಕುಗಳಿಗೆ ಬರುವ ವೈರಸ್ ರೋಗ. ಒಂದೂ ಉಳಿಯಲಿಲ್ಲ. ಫಿನಾಯಿಲ್‌ಗೆ ಆ ವೈರಸ್ ಬಗ್ಗಲ್ಲ, ಮೇಲಾಗಿ ಫಿನಾಯಿಲ್ ಬೆಕ್ಕಿಗೇ ವಿಷ. ಜಾಗ ತೊಳೆಯಲು ಬ್ಲೀಚೇ ಆಗಬೇಕು. ಅಂದಿನಿಂದ ಮನೆ ಬೆಕ್ಕು ಮುಟ್ಟಿದ ಬಟ್ಟೆಯಲ್ಲಿ ಮರಿಗಳ ಹತ್ತಿರ ಹೋಗಲ್ಲ.

ಹಸುವಿನ ಹಾಲು ಮರಿಗೆ ಆಗಲ್ಲ. ಬೆಕ್ಕಿನ ಮರಿಯ ಹಾಲಿನ ಪುಡಿ ಡಬ್ಬಕ್ಕೆ ಎರಡೂವರೆ ಸಾವಿರದ ಹತ್ತಿರ, ಮೂರು ಡಬ್ಬ ಹಿಡಿಯಿತು. ದಿನಾ ತೂಕ ಏರುತ್ತಿದ್ದರೆ ನಿದ್ದೆ ಮಾಡಬಹುದು. ಏರದಿದ್ದರೆ ಇಲ್ಲ.

ನಿಜವಾದ ತಲೆನೋವು ಮಾಂಸ. ಕೋಳಿ ಬೇಡ ಅಂದಮೇಲೆ ಇಲಿಯೇ ಗತಿ. ಅಂಗಡಿಯ ಬಿಳಿ ಇಲಿ ದುಬಾರಿ. ಭತ್ತದ ಗದ್ದೆಯಲ್ಲಿ ಬೋನು ಇಟ್ಟು ಹಿಡಿಯುವವರನ್ನು ಗೊತ್ತು ಮಾಡಿಕೊಂಡೆ, ಇಲಿಗೆ ಇಪ್ಪತ್ತು ರೂಪಾಯಿ. ಮೊದಮೊದಲು ನಕ್ಕರು. ಆಮೇಲೆ ಮೂವತ್ತು ಕೇಳಿದರು! ಷರತ್ತು ಒಂದೇ: ಆ ಹಂಗಾಮಿನಲ್ಲಿ ಪಾಷಾಣ ಇಡದ ಗದ್ದೆಯದ್ದೇ ಆಗಬೇಕು, ಜೀವಂತ ಹಿಡಿದದ್ದೇ ಆಗಬೇಕು. ಸತ್ತು ಬಿದ್ದಿದ್ದು ಬಿಟ್ಟಿ ಕೊಟ್ಟರೂ ಬೇಡ. ಕೈಗೆ ಗ್ಲೌಸ್ ಮರೆಯಬೇಡಿ, ಇಲಿಜ್ವರ ತಮಾಷೆಯಲ್ಲ.

ಮೊದಲು ಕೊಯ್ದ ಇಲಿ, ಆಮೇಲೆ ಚರ್ಮ ಸಮೇತ ಇಡೀದು, ಕೊನೆಗೆ ಜೀವಂತ. ಮೊದಲ ಜೀವಂತ ಇಲಿ ಗಂಡು ಮರಿಯ ಮೂಗು ಕಚ್ಚಿತು. ಅದು ಹೋಗಿ ಮಡಕೆಯ ಹಿಂದೆ ಕೂತಿದ್ದು, ಕತ್ತಲಾದರೂ ಈಚೆ ಬರಲಿಲ್ಲ. ಹೆಣ್ಣು ಮರಿ ಮಾತ್ರ ಆತುರ ಪಡಲಿಲ್ಲ. ಹೊಟ್ಟೆ ನೆಲಕ್ಕೆ ಹಚ್ಚಿ, ಕಿವಿ ಮುಂದೆ ಮಾಡಿ, ಇಲಿ ತಿರುಗುವವರೆಗೂ ಕಾದು ಕುತ್ತಿಗೆಗೇ ಬಾಯಿ ಹಾಕಿತು. ಇದನ್ನು ಯಾರು ಹೇಳಿಕೊಟ್ಟರು?

ಮರಿಗಳಿಗೆ ಬೋನು ಕಟ್ಟಿದ್ದು ನಾಲೆ ಏರಿಯ ಪಕ್ಕ, ಗೆಳೆಯರ ಜಮೀನಿನಲ್ಲಿ. ಜಾಲರಿ ಒಂದಡಿ ನೆಲದೊಳಗೆ, ಸುತ್ತ ಹಸಿರು ನೆಟ್ಟು, ಮೇಲೂ ಜಾಲರಿ. ಹದಿನೆಂಟು ಸಾವಿರ ಆಯಿತು. ಕೂಲಿ ಸೇರಿಸಿದರೆ ಇಪ್ಪತ್ತು ದಾಟಿತು. ಊಟ ಹಾಕುತ್ತಿದ್ದದ್ದು ಓರೆಯಾಗಿ ಇಳಿಬಿಟ್ಟ ಪಿವಿಸಿ ಪೈಪಿನಿಂದ, ಕತ್ತಲಲ್ಲಿ, ಮಾತಿಲ್ಲದೆ. ಹೆಸರು ಇಡಲಿಲ್ಲ, ಫೋಟೋ ಕೇಳಿದವರಿಗೆ ಬೈಸಿಕೊಳ್ಳುವ ಭಾಗ್ಯ. ಮನುಷ್ಯನ ಸುಳಿವು ಸಿಕ್ಕರೆ ಬುಸುಗುಟ್ಟಿ ಓಡುವ ಹಾಗೆ ಮಾಡಲು ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ. ಅರ್ಧಂಬರ್ಧ ಮಾಡಿದರೆ ಮರಿಗೆ ಹಿಂಸೆ. ಬಂದವರಿಗೆ ತೋರಿಸುತ್ತೇನೆ.

ಆರು ತಿಂಗಳ ಹೊತ್ತಿಗೆ ಗಂಡು ಮೂರು ಕೆಜಿ ಹತ್ತಿರ ಬಂದಿತ್ತು. ಒಂದು ಸಂಜೆ ಬಾಗಿಲು ತೆಗೆದಿಟ್ಟೆ. ಹೆಣ್ಣು ಅವತ್ತೇ ಹೋಯಿತು. ಗಂಡು ತಿಂಗಳವರೆಗೂ ಪೈಪಿನ ಹತ್ತಿರ ಬಂದು ತಿಂದು ಹೋಗುತ್ತಿತ್ತು. ಬರಬರುತ್ತಾ ಇಟ್ಟ ಇಲಿ ಹಾಗೇ ಉಳಿಯತೊಡಗಿತು, ನಾನೂ ನಿಲ್ಲಿಸಿದೆ. ನಾಲೆ ಏರಿಯ ಕ್ಯಾಮೆರಾದಲ್ಲಿ ಭತ್ತದ ಕೊಯ್ಲಿನವರೆಗೂ ಸಿಕ್ಕಿದ್ದಾನೆ. ಬಾಲದ ತುದಿ ಡೊಂಕು, ಗುರುತು ತಪ್ಪಲ್ಲ. ಒಂದು ಚಿತ್ರದಲ್ಲಿ ಬಾಯಲ್ಲಿ ಹೆಗ್ಗಣ.

ಬಿಡುವ ಮೊದಲೇ ಸುತ್ತಲಿನ ಮನೆಗಳಿಗೆ ಹೇಳಿದ್ದೆ: ಕೋಳಿ ಹೋದರೆ ದುಡ್ಡು ನನ್ನದು ಅಂತ. ಐದು ಸಾವಿರ ತೆಗೆದಿಟ್ಟಿದ್ದೆ. ಬಂದವರು ಒಬ್ಬರೇ. ಹೋಗಿ ಗೂಡಿನ ಸುತ್ತ ಹೆಜ್ಜೆ ನೋಡಿದರೆ ಉಗುರಿನ ಗುರುತು ಎದ್ದು ಕಾಣುತ್ತಿತ್ತು, ಮುಂಗುಸಿ ಕೆಲಸ. ಬೆಕ್ಕು ನಡೆದರೆ ಉಗುರು ಮೂಡಲ್ಲ, ಅಲ್ವಾ? ಆದರೂ ನಾನೂರು ಕೊಟ್ಟೆ. ಮುಂದಿನ ಮರಿಗಳನ್ನೂ ಅದೇ ಏರಿ ಮೇಲೆ ಬಿಡಬೇಕಲ್ಲ.