ಓಟವೋ, ಹಾಡೋ? ಹತ್ತು ದಿನ ನೋಟ್‌ಬುಕ್ ಇಟ್ಟು ನೋಡಿ

ಮಗಳು ದೊಡ್ಡ ಗಾಯಕಿ ಆಗಬೇಕೋ, ದೊಡ್ಡ ಓಟಗಾರ್ತಿ ಆಗಬೇಕೋ? ಪುಣೆಯ ನಮ್ಮ ಮನೆಯಲ್ಲಿ ಎರಡು ವರ್ಷ ಇದೇ ಜಗಳ. ನಾನು ಧಾರವಾಡದವನು, ನನ್ನ ಓಟು ಹಾಡಿಗೆ. ಅವಳಿಗೆ ಹದಿಮೂರು. ಬೆಳಿಗ್ಗೆ ಸಣಸ್ ಮೈದಾನದಲ್ಲಿ 800 ಮೀಟರ್, ಸಂಜೆ ಸದಾಶಿವ ಪೇಠೆಯಲ್ಲಿ ಹಾಡಿನ ಪಾಠ. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ನಾವು ಮಾಡಿದ್ದನ್ನು ಮಾಡಿ ನೋಡಿ.

ಮೊದಲು ಗಡಿಯಾರ ನೋಡಿ. ಜಗಳ ಬರುವುದೇ ಬೆಳಗಿನ ಐದು ಗಂಟೆಗೆ. ಖರ್ಜದ ರಿಯಾಜ್‌ಗೂ, ಅಂದರೆ ಕೆಳಗಿನ ಸ್ವರಗಳ ಅಭ್ಯಾಸಕ್ಕೂ, ಅದೇ ಹೊತ್ತು, ಮೈದಾನಕ್ಕೂ ಅದೇ ಹೊತ್ತು. ನಾನು ಜಾಣ ಅಂತ ತಿಳಿದು ಅವಳನ್ನು ನಾಲ್ಕಕ್ಕೇ ಎಬ್ಬಿಸಿದೆ. ಡಿಸೆಂಬರ್ ಬರುವಷ್ಟರಲ್ಲಿ ಗಂಟಲು ಕಟ್ಟಿತು, ಮೊಣಕಾಲ ಕೆಳಗಿನ ಎಲುಬು ನೋಯತೊಡಗಿತು. ತಪ್ಪು ನಂದೇ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಹತ್ತು ದಿನ ಎಬ್ಬಿಸಬೇಡಿ, ಬೈಯಬೇಡಿ, ಮಗುವಿಗೆ ಹೇಳಲೂ ಬೇಡಿ. ಯಾವುದಕ್ಕೆ ತಾನೇ ಎದ್ದು ಹೊರಟಿತು ಅಂತ ಸುಮ್ನೆ ಗುರುತು ಹಾಕಿ. ನಮ್ಮವಳು ಎಂಟು ದಿನ ತಾನೇ ಬೂಟು ಹಾಕಿಕೊಂಡಳು. ತಂಬೂರಿ ಹಚ್ಚಿದ್ದು ಮೂರೇ ದಿನ. ನನಗೆ ಬೇಜಾರಾಯಿತು, ಸುಳ್ಳೇಕೆ.

ಸೋತಾಗ ಮಗು ಏನು ಮಾಡುತ್ತದೆ ಅನ್ನುವುದನ್ನೂ ನೋಡಿ. ಓಟದಲ್ಲಿ ತೀರ್ಪು ಗಡಿಯಾರದ್ದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ಕಂಚು ಕಳೆದುಕೊಂಡದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಹಾಡಿನಲ್ಲಿ ಅಂಥ ಗಡಿಯಾರವಿಲ್ಲ. ಗುರುಗಳು ಕಣ್ಣು ಮುಚ್ಚಿ ಕೇಳಿ, "ಇನ್ನೊಮ್ಮೆ" ಅನ್ನುತ್ತಾರೆ. ವರ್ಷಗಟ್ಟಲೆ ಅದೇ. ಟೈಮು ಕೆಟ್ಟರೆ ನನ್ನ ಮಗಳು ಇನ್ನೊಂದು ಸುತ್ತು ಕೇಳುತ್ತಾಳೆ. "ಇನ್ನೊಮ್ಮೆ" ಅಂದರೆ ಚಾಪೆಯ ಅಂಚಿನ ದಾರ ಕೀಳುತ್ತಾ ಕೂರುತ್ತಾಳೆ.

ಖರ್ಚಿನ ಮಾತು ಚಿಕ್ಕದು: ಬೆಳೆಯುವ ಕಾಲಿಗೆ ಬೂಟು ಬೇಗ ಚಿಕ್ಕದಾಗುತ್ತದೆ, ತಂಬೂರಿ ಒಮ್ಮೆ ಕೊಂಡರೆ ಸಾಕು.

ಎರಡೂ ಸರಿಸಮ ಅನ್ನಿಸಿದರೆ ವಯಸ್ಸಿನ ಲೆಕ್ಕ ಹಾಕಿ. ರಾಹುಲ್ ದ್ರಾವಿಡ್ 2012ರಲ್ಲಿ ಟೆಸ್ಟ್ ಬಿಟ್ಟಾಗ ಅವರಿಗೆ 39. ಗದಗದ ಭೀಮಸೇನ ಜೋಶಿಯವರು 80 ದಾಟಿದ ಮೇಲೂ ಇದೇ ಪುಣೆಯಲ್ಲಿ ಹಾಡಿದರು. ದೇಹ ಕಾಯುವುದಿಲ್ಲ, ಹಾಗಾಗಿ ಓಟ ಮೊದಲು. ಹಾಗಂತ ಹಾಡು ಕಾಯುತ್ತದೆ ಅಂತ ಪೂರ್ತಿ ನಂಬಬೇಡಿ. ಜೋಶಿಯವರು ಗುರುವನ್ನು ಹುಡುಕಿ ಮನೆ ಬಿಟ್ಟದ್ದು 11ರ ವಯಸ್ಸಿನಲ್ಲಿ! ಕಿವಿ ಕೆಡದಂತೆ ವಾರಕ್ಕೊಂದು ಪಾಠವಾದರೂ ಇರಲಿ. ಕೋಚ್ ಒಬ್ಬರು ಹಾಡು ಪೂರ್ತಿ ಬಿಡಿಸಿ ಅಂದರು. ನಾನು ಕೇಳಲಿಲ್ಲ. ಭಾನುವಾರದ ಪಾಠ ಉಳಿಸಿಕೊಂಡೆವು.

ಕಳೆದ ಡಿಸೆಂಬರಿನಲ್ಲಿ ಅವಳನ್ನು ಪುಣೆಯ ಸಂಗೀತೋತ್ಸವ ಸವಾಯಿ ಗಂಧರ್ವ ಮಹೋತ್ಸವಕ್ಕೆ ಕರೆದುಕೊಂಡು ಹೋದೆ. ನಿಧಾನ ಲಯದ ವಿಲಂಬಿತ್ ಭಾಗ ಮುಗಿಯುವ ಮೊದಲೇ, "ಅಪ್ಪಾ, ನಾಳೆ ಐದಕ್ಕ ಏಳಬೇಕು, ಹೋಗೋಣೇನು?" ಅಂದಳು. ವಾಪಸ್ ಬರುವಾಗ ರಿಕ್ಷಾದಲ್ಲಿ ಅಲ್ಲಿ ಕೇಳಿದ ಅದೇ ಬಂದಿಶ್, ಅಂದರೆ ಅದೇ ಹಾಡು, ಗುನುಗುತ್ತಿದ್ದಳು. ತಾಳ ಮಾತ್ರ ಕಾಲಲ್ಲಿ ಹಾಕುತ್ತಿದ್ದಳು.